ಬಾಚಣಿಗೆ ಹಲ್ಲಿನ ಮೇಲೊಂದು ಉಡುಗೊರೆ

ಕ್ರಿಸ್‌ಮಸ್ ಉಡುಗೊರೆ ಎಂದರೆ ಬಣ್ಣದ ಕಾಗದ, ಉದ್ದದ ಬಿಲ್ಲು, ಜೇಬಿಗೆ ಕತ್ತರಿ. ನಮ್ಮ ಕೋಲಾರ ಜಿಲ್ಲೆಯ ಚಿನ್ನದ ಗಣಿ ಊರು ಕೆಜಿಎಫ್‌ನ ಹಳೆಯ ಗಣಿ ಮನೆಗಳಲ್ಲಿ ಮಾತ್ರ ಉಡುಗೊರೆ ಬಾಣಲೆಯಿಂದ ಏಳುತ್ತದೆ. ಅದರ ಹೆಸರು ಕಲ್ಕಲ್.

ಬೇಕಾದ ಸಾಮಾನು ಇಷ್ಟೇ: ಮೈದಾ, ಸಕ್ಕರೆ, ಮೊಟ್ಟೆ, ತೆಂಗಿನ ಹಾಲು, ಚಿಟಿಕೆ ಉಪ್ಪು. ಉಳಿದದ್ದೆಲ್ಲ ಬೆರಳಿನ ಕಸುಬು. ಗೋಲಿಯಷ್ಟು ಹಿಟ್ಟನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಯ ಹಲ್ಲಿಗೋ ಒತ್ತಿ, ಹೆಬ್ಬೆರಳಿನಿಂದ ಸುರುಳಿ ಸುತ್ತಿದರೆ ಗೆರೆಗೆರೆಯ ಪುಟ್ಟ ಶಂಖ ಸಿದ್ಧ. ಅಂಚು ಕೂಡದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಹಸಿ. ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಸುತ್ತ ಕೂರಬೇಕು. ಕೊನೆಗೆ ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಮೈಮೇಲೆ ಇಬ್ಬನಿಯ ಬಿಳುಪು. ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಗರಿಗರಿ.

1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಲು ಕೆಜಿಎಫ್‌ಗೆ ಬಂತು. ಅದರ ಬೆನ್ನಿಗೆ ಬ್ರಿಟಿಷರು, ಆಂಗ್ಲೋ ಇಂಡಿಯನ್ನರು, ತಮಿಳು ಕ್ರೈಸ್ತರು ಬಂದು ನೆಲೆಸಿದರು, ಅಡುಗೆಗಳೂ ಬೆರೆತವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳ ನಿಂತಿತು, ಬಾಣಲೆ ಆರಲಿಲ್ಲ.

ಮಂಗಳೂರಿನ ಕ್ರೈಸ್ತ ಮನೆಗಳು ಕ್ರಿಸ್‌ಮಸ್‌ಗೆ ಹಂಚುವ ಕುಸ್ವಾರ್ ತಿಂಡಿಗಳ ತಟ್ಟೆಯಲ್ಲೂ ಕಲ್ಕಲ್‌ನ ಸೋದರ ಕಿಡಿಯೊ ಇರುತ್ತದೆ. ಯುಗಾದಿಗೆ ನಮ್ಮ ಜಿಲ್ಲೆಯ ಕ್ಯಾಲನೂರಿನಲ್ಲಿ ಪಕ್ಕದ ಮನೆಗೆ ಹೋಗುವ ಒಬ್ಬಟ್ಟಿನ ತಟ್ಟೆಯದೂ ಇದೇ ಜಾತಿ. ಅಂಗಡಿಯ ಉಡುಗೊರೆಗೆ ಬೆಲೆ ಚೀಟಿ ಇರುತ್ತದೆ. ಕಲ್ಕಲ್ ಮೇಲಿರುವುದು ಹೆಬ್ಬೆರಳಿನ ಗುರುತು.