ಚೀನಿಕಾಯಿ ಕಡುಬು

ಮಲೆನಾಡಿನ ದೀಪಾವಳಿಗೆ ಚೀನಿಕಾಯಿ ಕಡುಬು ಬೇಕೇ ಬೇಕು. ಮಳೆಗಾಲದ ಬಳ್ಳಿಯಲ್ಲಿ ಬಲಿತ ಚೀನಿಕಾಯಿ, ಅಂದರೆ ಸಿಹಿಗುಂಬಳ, ಶರದೃತುವಿನ ಹೊತ್ತಿಗೆ ಮನೆ ಸೇರಿರುತ್ತದೆ. ನಾಲ್ಕು ಜನರ ಮನೆಗೆ 2 ಲೋಟ ಚೀನಿಕಾಯಿ ತುರಿ, 1 ಲೋಟ ಹುರಿದ ಅಕ್ಕಿತರಿ, ಮುಕ್ಕಾಲು ಲೋಟ ಬೆಲ್ಲ, ಒಂದು ಹಿಡಿ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ ಸಾಕು. ನೀರು ಹಾಕುವುದಿಲ್ಲ. ಬೆಲ್ಲ, ಉಪ್ಪು ಬಿದ್ದೊಡನೆ ತುರಿಯೇ ನೀರು ಬಿಡುತ್ತದೆ, ತರಿ ಅದನ್ನು ಹೀರಿಕೊಂಡು ಅರಳುತ್ತದೆ. ಈ ಅಡುಗೆಯ ಜಾಣ್ಮೆ ಇರುವುದೇ ಅಲ್ಲಿ. ಕಲಸಿದ್ದನ್ನು ಬಾಡಿಸಿದ ಬಾಳೆಲೆಯಲ್ಲಿ ಮಡಿಸಿಟ್ಟು ಅರ್ಧ ಗಂಟೆ ಹಬೆಯಲ್ಲಿ ಬೇಯಿಸಬೇಕು. ಎಲೆ ಬಿಡಿಸಿದಾಗ ಕಡುಬಿನ ಹೊಂಬಣ್ಣದ ಮೈಮೇಲೆ ಬಾಳೆಲೆಯ ಗೀರುಗಳು ಅಚ್ಚೊತ್ತಿರುತ್ತವೆ. ಬಿಸಿಯಿರುವಾಗಲೇ ಮೇಲೊಂದು ಚಮಚ ತುಪ್ಪ ಹಾಕಬೇಕು. ಅಂಗಡಿಯ ಯಾವ ಸಿಹಿಯೂ ಇದರ ಸಮಕ್ಕೆ ಬಾರದು. ಈ ದೀಪಾವಳಿಗೆ ನಿಮ್ಮ ಮನೆಯಲ್ಲೂ ಮಾಡಿ ನೋಡಿ.