ಹತ್ತು ಅಂಶಗಳ ಅಳತೆಗೋಲು

ಶಾಲೆಯ ದಾಖಲಾತಿ ವಹಿಯಲ್ಲಿ ಒಂದು ಹೆಸರಿನ ಮುಂದೆ ‘ಶಾಲೆ ಬಿಟ್ಟಿದೆ’ ಎಂದು ಬರೆದು ಗೆರೆ ಎಳೆದಾಗ, ಆ ಮಗು ನೆರೆಯೂರಿನ ಶಾಲೆಯನ್ನು ಸೇರಿತೊ ಅಥವಾ ಪುಸ್ತಕವನ್ನು ಕೆಳಗಿಟ್ಟು ದುಡಿಮೆಗೆ ಇಳಿಯಿತೊ ಎಂಬುದನ್ನು ಆ ವಹಿ ಹೇಳಲಾರದು. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು ಬಹುಕಾಲ ತಮ್ಮ ಶಿಕ್ಷಣದ ಯೋಗಕ್ಷೇಮವನ್ನು ಇಂತಹ ವಹಿಗಳ ಮೊತ್ತದಿಂದಲೇ ಅರಿಯುತ್ತಿದ್ದುವು. ಈ ವರ್ಷದ ನಾಲ್ಕನೆಯ ತರಗತಿಯ ಅಂಕಗಳನ್ನು ಕಳೆದ ವರ್ಷದ ನಾಲ್ಕನೆಯ ತರಗತಿಯ ಅಂಕಗಳೊಡನೆ ಹೋಲಿಸಿ ಅದನ್ನೇ ಪ್ರಗತಿಯೆಂದೊ ಹಿನ್ನಡೆಯೆಂದೊ ಕರೆಯುತ್ತಿದ್ದಾಗ, ಹೋಲಿಕೆಗೆ ಒಳಗಾದ ಮಕ್ಕಳೇ ಬೇರೆ ಬೇರೆ ಎಂಬ ಸರಳ ಸತ್ಯ ಲೆಕ್ಕದ ಹೊರಗೆ ಉಳಿಯುತ್ತಿದ್ದಿತು.

ಈ ಕೊರತೆಯನ್ನು ನೀಗಲೆಂದು ಹುಟ್ಟಿದುದೇ ವಿದ್ಯಾರ್ಥಿಗಳ ದೀರ್ಘಾವಧಿಯ ದತ್ತಾಂಶ ವ್ಯವಸ್ಥೆ. ಒಂದೇ ಮಗುವನ್ನು ವರ್ಷದಿಂದ ವರ್ಷಕ್ಕೆ, ಶಾಲೆಯಿಂದ ಶಾಲೆಗೆ, ಸಾಧ್ಯವಾದರೆ ಕಾಲೇಜಿನವರೆಗೂ ಅನುಸರಿಸಿ ನೋಡುವುದು ಅದರ ಧರ್ಮ. 2002ರ ಕೇಂದ್ರ ಶಾಸನವೊಂದು ಇದಕ್ಕಾಗಿ ರಾಜ್ಯಗಳಿಗೆ ಅನುದಾನವೀಯಲು ಅವಕಾಶ ಕಲ್ಪಿಸಿತು. 2005ರಲ್ಲಿ ಮೊದಲ ಅನುದಾನಗಳು ದೊರೆತುವು. ಅದೇ ವರ್ಷ ಸ್ಥಾಪಿತವಾದ ‘ಡೇಟಾ ಕ್ವಾಲಿಟಿ ಕ್ಯಾಂಪೇನ್’ ಎಂಬ ಸಂಸ್ಥೆ ಇಂತಹ ವ್ಯವಸ್ಥೆಗೆ ಅವಶ್ಯವಾದ ಹತ್ತು ಅಂಶಗಳನ್ನು ಹೆಸರಿಸಿ, ಯಾವ ರಾಜ್ಯದಲ್ಲಿ ಅವುಗಳಲ್ಲಿ ಎಷ್ಟು ಇವೆಯೆಂಬುದನ್ನು ಸಮೀಕ್ಷೆಯ ಮೂಲಕ ಪ್ರಕಟಿಸತೊಡಗಿತು. ಪ್ರತಿ ವಿದ್ಯಾರ್ಥಿಗೂ ರಾಜ್ಯವ್ಯಾಪಿಯಾದ ಒಂದೇ ಗುರುತಿನ ಸಂಖ್ಯೆ, ವರ್ಷ ವರ್ಷದ ಪರೀಕ್ಷಾಫಲಗಳನ್ನು ಜೋಡಿಸುವ ಶಕ್ತಿ, ಪರೀಕ್ಷೆಗೆ ಕೂಡದವರ ದಾಖಲೆ, ಶಿಕ್ಷಕರನ್ನು ಅವರ ವಿದ್ಯಾರ್ಥಿಗಳೊಡನೆ ಹೊಂದಿಸುವ ಕ್ರಮ, ಪದವಿ ಪಡೆದವರ ಮತ್ತು ಶಾಲೆ ತೊರೆದವರ ವಿವರ, ದತ್ತಾಂಶದ ಸಾಚಾತನವನ್ನು ತಪಾಸಣೆ ಮಾಡುವ ಏರ್ಪಾಟು ಮೊದಲಾದುವು ಆ ಹತ್ತರಲ್ಲಿ ಸೇರಿದ್ದುವು.

ಈ ಅಳತೆಗೋಲಿನಿಂದಾದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 2005ರಲ್ಲಿ ಹತ್ತೂ ಅಂಶಗಳನ್ನು ಪಡೆದಿದ್ದ ರಾಜ್ಯ ಒಂದೂ ಇರಲಿಲ್ಲ. 2011ರ ವೇಳೆಗೆ ಅಂತಹ ರಾಜ್ಯಗಳು 36 ಆದುವು. ಸರ್ಕಾರಿ ಕಚೇರಿಗಳ ಒಳಗೆ ನಡೆಯುವ, ಯಾರ ಕಣ್ಣಿಗೂ ಬೀಳದ ಕೆಲಸವೊಂದು ಆರೇ ವರ್ಷಗಳಲ್ಲಿ ಇಷ್ಟು ಮುಂದುವರಿದುದಕ್ಕೆ ಕೇಂದ್ರದ ಹಣ ಎಷ್ಟು ಕಾರಣವೊ, ನೆರೆಯ ರಾಜ್ಯದೊಡನೆ ತನ್ನನ್ನು ಹೋಲಿಸಿಕೊಳ್ಳುವಂತೆ ಮಾಡಿದ ಬಹಿರಂಗ ಸಮೀಕ್ಷೆಯೂ ಅಷ್ಟೇ ಕಾರಣವೆಂದು ನನ್ನ ಭಾವನೆ. ಪ್ರೌಢಶಾಲೆಯನ್ನು ಪೂರೈಸಿದವರ ಪ್ರಮಾಣವನ್ನು ಒಂದೊಂದು ರಾಜ್ಯವೂ ತನಗೆ ತೋಚಿದಂತೆ ಗಣಿಸುತ್ತಿದ್ದ ಪದ್ಧತಿ ಹೋಗಿ, ಒಂಬತ್ತನೆಯ ತರಗತಿಗೆ ಕಾಲಿಟ್ಟವರಲ್ಲಿ ನಾಲ್ಕು ವರ್ಷಗಳೊಳಗೆ ತೇರ್ಗಡೆಯಾಗಿ ಹೊರಬಂದವರೆಷ್ಟು ಎಂಬ ಸಮಾನ ಗಣನೆ 2010–11ರ ಸಾಲಿನಿಂದ ರೂಢಿಗೆ ಬಂದುದು, ಬೇರೆ ಶಾಲೆಗೆ ಹೋದವರನ್ನೂ ಓದನ್ನೇ ಬಿಟ್ಟವರನ್ನೂ ಪ್ರತ್ಯೇಕಿಸಬಲ್ಲ ಈ ವ್ಯವಸ್ಥೆಗಳ ಬಲದಿಂದಲೇ.

ಆದರೆ ಅಳತೆಗೋಲನ್ನೂ ಅಳೆಯಬೇಕಾದುದು ವಿಮರ್ಶೆಯ ಕರ್ತವ್ಯ. ಸಮೀಕ್ಷೆಗೆ ಉತ್ತರವಿತ್ತವರು ಆಯಾ ರಾಜ್ಯದವರೇ. ಉತ್ತರದ ಸ್ವರೂಪವಾದರೊ ‘ಉಂಟು’ ಅಥವಾ ‘ಇಲ್ಲ’ ಎಂಬುದು. ಸಂಖ್ಯೆ ಇದೆಯೆಂದ ಮಾತ್ರಕ್ಕೆ ಅದು ನಿರ್ದುಷ್ಟವಾಗಿದೆಯೆಂದಾಗಲಿ, ಜೋಡಿಸುವ ಶಕ್ತಿ ಇದೆಯೆಂದ ಮಾತ್ರಕ್ಕೆ ಜೋಡಣೆ ನಡೆದಿದೆಯೆಂದಾಗಲಿ ಸಿದ್ಧವಾಗದು. ಅದಕ್ಕಿಂತ ಮುಖ್ಯವಾಗಿ, ಆ ಹತ್ತೂ ಅಂಶಗಳು ಭಂಡಾರದಲ್ಲಿ ಏನಿದೆಯೆಂದು ಕೇಳಿದುವೇ ಹೊರತು, ಅದರಿಂದ ಉಪಾಧ್ಯಾಯನ ಮತ್ತು ತಾಯಿತಂದೆಗಳ ಕೈಗೆ ಏನು ಬಂದಿತೆಂದು ಕೇಳಲಿಲ್ಲ. ಈ ನ್ಯೂನತೆಯನ್ನು ಸಂಸ್ಥೆಯೇ ಕಂಡುಕೊಂಡು, ದತ್ತಾಂಶದ ಬಳಕೆಯನ್ನು ಕುರಿತ ಹತ್ತು ಕಾರ್ಯಗಳ ಇನ್ನೊಂದು ಪಟ್ಟಿಯನ್ನು 2009ರಲ್ಲಿ ಮುಂದಿಟ್ಟುದು ಪ್ರಶಂಸನೀಯ. ಆ ಹೊಸ ಗೋಲಿನ ಫಲಿತಾಂಶವೇ ಒಂದು ಪಾಠ: 2014ರ ವೇಳೆಗೂ ಹತ್ತೂ ಕಾರ್ಯಗಳನ್ನು ಪೂರೈಸಿದ್ದುವು ಆರ್ಕಾನ್ಸಾ, ಡೆಲವೇರ್, ಕೆಂಟಕಿ ಎಂಬ ಮೂರೇ ರಾಜ್ಯಗಳು. ಮೂವತ್ತಾರಕ್ಕೂ ಮೂರಕ್ಕೂ ನಡುವಣ ಅಂತರವೇ ಕೂಡಿಡುವುದಕ್ಕೂ ಉಪಯೋಗಿಸುವುದಕ್ಕೂ ನಡುವಣ ಅಂತರ.

ಉಪಯೋಗವೆಂದರೆ ಏನೆಂಬುದಕ್ಕೆ ಷಿಕಾಗೊ ನಗರದ ನಿದರ್ಶನವೊಂದಿದೆ. ಅಲ್ಲಿನ ವಿಶ್ವವಿದ್ಯಾನಿಲಯದ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟಂತೆ, ಒಂಬತ್ತನೆಯ ತರಗತಿಯ ಅಂತ್ಯಕ್ಕೆ ಐದು ವಿಷಯಗಳಷ್ಟಾದರೂ ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿಗಿಂತ ಹೆಚ್ಚು ಅನುತ್ತೀರ್ಣರಾಗದ ಮಕ್ಕಳು ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚಾಗಿ ಪ್ರೌಢಶಾಲೆಯನ್ನು ಪೂರೈಸುತ್ತಿದ್ದರು. ಅದೊಂದು ಅಂಕಿಯಾಗಿ ಉಳಿಯದೆ, ದಾರಿ ತಪ್ಪುತ್ತಿರುವ ಮಗುವಿನ ಹೆಸರಾಗಿ ಶಾಲೆಗೆ ಮರಳಿತು. ವರ್ಷ ಮುಗಿಯುವ ಮುನ್ನವೇ ಆ ಮಗುವನ್ನು ಕರೆದು ಮಾತನಾಡಿಸಲು ಉಪಾಧ್ಯಾಯರಿಗೆ ಆಸ್ಪದವಾಯಿತು. ಹತ್ತು ಕೋಷ್ಠಕಗಳು ಮಾಡಲಾರದುದನ್ನು ಸಕಾಲದಲ್ಲಿ ತಲುಪಿದ ಒಂದು ಹೆಸರು ಮಾಡಬಲ್ಲುದು.

ಯಾವ ಗೋಲಿಗೂ ಸುಲಭವಾಗಿ ಸಿಕ್ಕದ ಇನ್ನೊಂದು ವಸ್ತು ವಿಶ್ವಾಸ. ಹಲವು ರಾಜ್ಯಗಳ ವಿದ್ಯಾರ್ಥಿಗಳ ವಿವರಗಳನ್ನು ಒಂದೆಡೆ ಇರಿಸಲು ಹೊರಟ ‘ಇನ್‌ಬ್ಲೂಮ್’ ಎಂಬ ಯೋಜನೆ, ದಾನಸಂಸ್ಥೆಗಳಿಂದ 10 ಕೋಟಿ ಡಾಲರುಗಳಷ್ಟು ನೆರವು ಪಡೆದಿದ್ದರೂ, ತಮ್ಮ ಮಕ್ಕಳ ವಿವರ ಯಾರ ಕೈಸೇರುವುದೊ ಎಂಬ ಪೋಷಕರ ಆತಂಕವನ್ನು ಶಮನಗೊಳಿಸಲಾರದೆ 2014ರ ಏಪ್ರಿಲಿನಲ್ಲಿ ಮುಚ್ಚುವ ನಿರ್ಧಾರಕ್ಕೆ ಬಂದಿತು. ಆ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಮಗುವಿನ ಸೋಲುಗಳನ್ನು ಮರೆಯದೆ ಇಟ್ಟುಕೊಳ್ಳುವ ಯಂತ್ರವು ಆ ಮಗುವಿನ ಕುಟುಂಬಕ್ಕೆ ಉತ್ತರ ಹೇಳಲು ಬದ್ಧವಾಗಿರಲೇಬೇಕು.

ಈ ವಿಚಾರ ನಮಗೆ ದೂರದ್ದಲ್ಲ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ರಾಜ್ಯದ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಯಾದ ‘ಸ್ಯಾಟ್ಸ್’ನ ಗುರುತಿನ ಸಂಖ್ಯೆ ಇದೆ. ಅದರ ಮೇಲೆ ರಾಷ್ಟ್ರವ್ಯಾಪಿಯಾದ 12 ಅಂಕಿಗಳ ‘ಅಪಾರ್’ ಗುರುತೂ ಬಂದಿದೆ. ಎಷ್ಟು ಮಕ್ಕಳಿಗೆ ಸಂಖ್ಯೆ ದೊರೆಯಿತೆಂಬುದನ್ನೇ ಸಾಧನೆಯೆಂದು ನಾವು ಗಣಿಸತೊಡಗಿದರೆ, ಅಮೆರಿಕದ ರಾಜ್ಯಗಳು ಮೂವತ್ತಾರರಲ್ಲಿ ಕಂಡ ತೃಪ್ತಿಯನ್ನಷ್ಟೇ ಕಂಡೇವು. ತರಗತಿಯಲ್ಲಿ ಇಂದು ಬರಿದಾದ ಸ್ಥಳದಲ್ಲಿ ನಿನ್ನೆ ಕುಳಿತಿದ್ದ ಮಗು ಈಗ ಎಲ್ಲಿದೆಯೆಂದು ಮುಖ್ಯೋಪಾಧ್ಯಾಯರು ತಿಳಿದು, ಆ ಮನೆಯ ಬಾಗಿಲಿಗೆ ಹೋಗಿ ಬರುವಂತಾದ ದಿನ, ವಹಿಯಲ್ಲಿ ಎಳೆದ ಗೆರೆ ಆ ಮಗುವಿನ ಓದಿನ ಕೊನೆಯ ಗೆರೆಯಾಗದು. ರಾಜ್ಯದ ಪ್ರಗತಿಯನ್ನು ಅಳೆಯತಕ್ಕದ್ದು ಅದರಿಂದ.