‘ಪೋಗ್ಸ್’ ತಂಡದ ಹಾಡುಗಳು

1982ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪೋಗ್ಸ್’ ತಂಡ ಐರಿಷ್ ಜಾನಪದ ಸಂಗೀತವನ್ನು ಕೆಡಿಸಿತೆಂದು ಸಂಪ್ರದಾಯಸ್ಥರು ದೂರಿದ್ದುಂಟು. ಪಂಕ್ ಸಂಗೀತದ ಅಬ್ಬರಕ್ಕೆ ಅಕಾರ್ಡಿಯನ್, ಬ್ಯಾಂಜೊ, ತಗಡಿನ ಕೊಳಲು ಬೆರೆತರೆ ಮಡಿವಂತ ಕಿವಿಗೆ ಇರಸುಮುರುಸಾಗುವುದು ಸಹಜವೇ. ಆದರೆ ತಂಡದ ನಿಜವಾದ ಬಲ ಈ ಬೆರಕೆಯಲ್ಲ. 2023ರಲ್ಲಿ ತೀರಿಕೊಂಡ ಗಾಯಕ ಷೇನ್ ಮೆಕ್‌ಗೋವನ್ನನ ಕವಿತ್ವ. ನಾಡು ಬಿಟ್ಟು ಬಂದವರನ್ನೂ ಕುಡುಕರನ್ನೂ ಈತ ದೂರ ನಿಂತು ಮರುಗಲಿಲ್ಲ, ಅವರ ಬಾಯಿಂದಲೇ ಹಾಡಿಸಿದ. ಜೆಮ್ ಫೈನರ್ ಜೊತೆಗೂಡಿ ಬರೆದ, 1987ರ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ನಲ್ಲಿ ಗಂಡುಹೆಣ್ಣಿನ ಬೈಗುಳವೇ ಪ್ರೇಮಗೀತವಾಗಿದೆ.

ಕುಡಿತಕ್ಕೆ ಸಿಕ್ಕ ಈತನನ್ನು ತಂಡ 1991ರಲ್ಲಿ ಕಳಿಸಿಬಿಟ್ಟಿತು. ತಪ್ಪೆನ್ನಲಾರೆ, ಆದರೆ ಆಮೇಲಿನ ಎರಡು ಆಲ್ಬಂಗಳಲ್ಲಿ ವಾದ್ಯಗಳು ಮೆರೆದಿವೆ, ಮಾತು ಸೊರಗಿದೆ. 1996ರಲ್ಲಿ ಚದುರಿದ ತಂಡ 2001ರಲ್ಲಿ ಈತನೊಡನೆ ಮತ್ತೆ ಕೂಡಿ, 2014ರವರೆಗೆ ಕಚೇರಿ ನಡೆಸಿತು. ಹೊಸ ಆಲ್ಬಂ ಒಂದೂ ಬರಲಿಲ್ಲ. ಸಭಿಕರೂ ಪ್ರಾಯಶಃ ಕೇಳಲಿಲ್ಲ.